ಹಿಂಗೈಯಿಂದ ಮುಟ್ಟಿದವರು

ನಾನು ಒಂದು ಬೇಸ್ ಗಿಟಾರ್. ನನಗಿರುವುದು ನಾಲ್ಕೇ ತಂತಿ, ಒಂದೊಂದೂ ತೆಂಗಿನ ಕಡ್ಡಿಯಷ್ಟು ದಪ್ಪ. ಮದುವೆ ಮನೆಯ ಹಾಡಿನಲ್ಲಿ ನನ್ನ ದನಿಯನ್ನು ಯಾರೂ ಬೇರೆಯಾಗಿ ಗುರುತಿಸುವುದಿಲ್ಲ. ನಾನು ನಿಂತಾಗ ಮಾತ್ರ ಹಾಡಿನ ಅಡಿಯಿಂದ ಏನೋ ಜಾರಿದಂತಾಗಿ, ಊಟದ ಎಲೆಯ ಮುಂದೆ ಕುಳಿತವರೂ ತಲೆ ಎತ್ತುತ್ತಾರೆ.

ನಾನು ಹುಟ್ಟಿದ್ದು ಜಪಾನಿನ ಒಂದು ಕಾರ್ಖಾನೆಯಲ್ಲಿ. ವಾರ್ನಿಷ್ ಒಣಗಿದ ದಿನ ಒಬ್ಬ ಹೆಂಗಸು ನನ್ನನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕುತ್ತಿಗೆಯ ಉದ್ದಕ್ಕೂ ನೋಡಿದಳು. ಎಲ್ಲಾದರೂ ಡೊಂಕಿದೆಯೇ ಎಂದು ಅವಳಿಗೆ ಅನುಮಾನ. ಹೀಗೆ ನಾನು ಕಂಡ ಮೊದಲ ನೋಟವೇ ಸಂಶಯದ ನೋಟ. ಆದರೆ ಕೆಳಗಿಡುವ ಮುಂಚೆ ತನ್ನ ಬೆರಳಚ್ಚು ನನ್ನ ಮೇಲೆ ಉಳಿಯದಂತೆ ತೋಳಿನ ಬಟ್ಟೆಯಿಂದ ಒರೆಸಿದಳು. ಅದನ್ನೂ ನಾನು ಮರೆತಿಲ್ಲ.

ನನ್ನನ್ನು ಕೊಂಡವರು ಬೊನಿಫಾಸ್ ಎಂಬವರು. ಮಂಗಳೂರಿನವರು, ಸರಕು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದರು. ನನ್ನ ಜೊತೆಗೇ ಒಂದು ಕಪ್ಪು ಆ್ಯಂಪ್ಲಿಫಯರ್ ಪೆಟ್ಟಿಗೆಯನ್ನೂ ಕೊಂಡರು. ನನ್ನ ದನಿ ಹೊರಗೆ ಬರುವುದು ಆ ಪೆಟ್ಟಿಗೆಯ ಬಾಯಿಂದಲೇ. ಹಡಗಿನಲ್ಲಿ ನಾವಿಬ್ಬರೂ ಅಕ್ಕಿಮೂಟೆಗಳ ನಡುವೆ ಒರಗಿಕೊಂಡು ಬಂದೆವು. ಮಾತಿಲ್ಲದ, ಭಾರವಾದ, ನಂಬಬಹುದಾದ ಗೆಳೆಯ ಅದು ಎಂದುಕೊಂಡೆ.

ಬಂದರಿನಲ್ಲಿ ಅಧಿಕಾರಿಯೊಬ್ಬರು ನನ್ನನ್ನು ತಮ್ಮ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಇಷ್ಟು ಭಾರ ಯಾಕೆ ಉಂಟು? ಒಳಗೆ ಚಿನ್ನ ಉಂಟಾ?"

"ಚಿನ್ನ ಇದ್ರೆ ನಾನು ಹಡಗಿನಲ್ಲಿ ನೀರುಳ್ಳಿ ಹೆಚ್ತಿದ್ನಾ ಸರ್?" ಎಂದರು ಬೊನಿಫಾಸ್.

ಹಡಗಿನ ಕೆಲಸ ಬಿಟ್ಟ ಮೇಲೆ ಬೊನಿಫಾಸ್ ಮದುವೆಗಳ ಬ್ಯಾಂಡಿಗೆ ಸೇರಿದರು. ಅಲ್ಲಿ ನನಗೆ ಮೊದಲ ಅಪವಾದ ಬಂತು. ಪ್ಲಗ್ ಚುಚ್ಚಿದ ಕೂಡಲೇ ಪೆಟ್ಟಿಗೆಯಿಂದ ದುಂಬಿ ಹೊಕ್ಕಂತೆ 'ಗುಂಯ್' ಎಂಬ ಸದ್ದು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಂದು ಮದುವೆಯಲ್ಲಿ ಮದುಮಗಳ ಅಪ್ಪ ಎರಡು ಮಾತಾಡಲು ನಿಂತರು. ಮೆಲುದನಿಯ ಮನುಷ್ಯ. ಗುಂಯ್ ಸದ್ದಿನಲ್ಲಿ ಅವರ ಮಾತು ಮುಳುಗಿಹೋಯಿತು. ಬೊನಿಫಾಸ್ ಅವರಿಗೆ ನೋಡಲಾಗಲಿಲ್ಲ. ಕೆಳಗೆ ಕುಳಿತು, ಪೆಟ್ಟಿಗೆಯ ಕಂದು ಪ್ಲಗ್ ಬಿಚ್ಚಿ, ಒಳಗಿನ ಹಸಿರು ತಂತಿಯನ್ನು ಕತ್ತರಿಸಿ, ಮಡಚಿ, ಕೆಂಪು ಟೇಪು ಸುತ್ತಿ, ಪ್ಲಗ್ ಮತ್ತೆ ಮುಚ್ಚಿದರು. ಗುಂಯ್ ನಿಂತಿತು. ಆ ಅಪ್ಪನ ಮಾತು ಕೊನೆಯ ಸಾಲಿನವರೆಗೂ ಕೇಳಿಸಿತು. ಹೆಂಗಸರು ಕಣ್ಣೊರೆಸಿಕೊಂಡರು. ನನ್ನ ಅಪವಾದ ಕಳೆಯಿತೆಂದು ನಾನೂ ಹಿಗ್ಗಿದೆ. ಹಸಿರು ತಂತಿಯ ಕೆಲಸವೇನೆಂದು ನನಗೆ ಗೊತ್ತಿರಲಿಲ್ಲ.

ಬೊನಿಫಾಸ್ ಅವರ ಬೆರಳ ಗಂಟುಗಳು ಊದಿಕೊಂಡ ಮೇಲೆ, ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ ಜಯಕರ ಸಾಲ್ಯಾನ್ ನನ್ನನ್ನು ನೋಡಲು ಬಂದರು. ಅವರೂ ಒಂದು ಕಣ್ಣು ಮುಚ್ಚಿ ಕುತ್ತಿಗೆ ನೋಡಿದರು, ತಂತಿ ಬಿಗಿಯುವ ಕಿವಿಗಳನ್ನು ತಿರುಗಿಸಿದರು, ಹಿಂದಿನ ಸ್ಕ್ರೂಗಳನ್ನು ಉಗುರಿನಿಂದ ಕೆರೆದರು.

"ಎಷ್ಟು ನೋಡ್ತಿ ಮಾರಾಯ? ಹುಡುಗಿ ನೋಡ್ಲಿಕ್ಕೆ ಬಂದದ್ದಾ ನೀನು?" ಎಂದು ಬೊನಿಫಾಸ್ ನಕ್ಕರು. ಕೊಡುವಾಗ ಮಾತ್ರ ನನ್ನ ಬೆಲ್ಟನ್ನು ತಮ್ಮ ಅಳತೆಯಿಂದ ಜಯಕರರ ಅಳತೆಗೆ ತಾವೇ ಉದ್ದ ಮಾಡಿಕೊಟ್ಟರು. ಪೆಟ್ಟಿಗೆಯೂ ನನ್ನ ಜೊತೆ ಬಂತು.

ಜಯಕರರ ಆರ್ಕೆಸ್ಟ್ರಾದಲ್ಲಿ ನಾನು ಸುಖವಾಗಿದ್ದೆ. ಮರದ ಹಲಗೆಯ ವೇದಿಕೆ, ಅವರ ಕಾಲಿಗೆ ರಬ್ಬರ್ ಅಡಿಯ ಬೂಟು. ವರ್ಷಗಳು ಹೀಗೇ ಕಳೆದವು. ಆಮೇಲೆ ಸಮುದ್ರದ ಹತ್ತಿರದ ಬಯಲಿನಲ್ಲಿ ಒಂದು ರಿಸೆಪ್ಶನ್. ಸಂಜೆ ಮಳೆ ಬಂದು ಹೋಗಿತ್ತು. ವೇದಿಕೆ ಇರಲಿಲ್ಲ, ಒದ್ದೆ ಹುಲ್ಲಿನ ಮೇಲೆ ಜಮಖಾನ ಹಾಸಿದ್ದರು. ಜಯಕರ ನೆನೆದ ಬೂಟು ಕಳಚಿಟ್ಟಿದ್ದರು. ಮುಂದಿನ ಹಾಡಿನ ಹೆಸರು ಹೇಳಲು ಮೈಕಿನತ್ತ ಬಗ್ಗಿದರು. ಎಡಗೈ ನನ್ನ ತಂತಿಗಳ ಮೇಲಿತ್ತು.

ನನ್ನ ಮೈಯೊಳಗಿಂದ ಏನೋ ಹರಿದು ಅವರ ಕೈಗೆ ಹೋಯಿತು. ಅದು ಸ್ವರವಲ್ಲ ಎಂದಷ್ಟೇ ನನಗೆ ಗೊತ್ತಾಯಿತು. ಅವರ ಬೆರಳುಗಳು ನನ್ನನ್ನು ಬಿಡಲಿಲ್ಲ, ಬಿಡಲು ಆಗಲಿಲ್ಲ. ಡ್ರಮ್ ಬಾರಿಸುವ ಸುಧೀರ ಓಡಿ ಬಂದು ಪೆಟ್ಟಿಗೆಯ ವೈರನ್ನು ಕಿತ್ತೆಸೆದ. ಜಯಕರ ಬದುಕಿದರು. ಕೆಳತುಟಿಯಲ್ಲಿ, ಮೈಕಿಗೆ ತಾಗಿದ ಕಡೆ, ಒಂದು ಸುಟ್ಟ ಕಲೆ ಉಳಿಯಿತು.

"ಆ ಗಿಟಾರೇ ಸರಿ ಇಲ್ಲ ಜಯಣ್ಣ. ಹಳೇದು. ಎಲ್ಲಿಗಾದ್ರೂ ಬಿಸಾಡಿ" ಎಂದ ಸುಧೀರ.

ನನ್ನನ್ನು ರಿಪೇರಿ ಅಂಗಡಿಗೆ ಒಯ್ದರು. ಅಲ್ಲಿ ನನ್ನ ಹೊಟ್ಟೆ ಬಿಚ್ಚಿ, ವೈರುಗಳನ್ನೆಲ್ಲ ಬದಲಿಸಿದರು. ತಪ್ಪು ಯಾವುದೆಂದು ಯಾರೂ ಹೇಳಲಿಲ್ಲ. ಪೆಟ್ಟಿಗೆಯನ್ನು ಯಾರೂ ಒಯ್ಯಲಿಲ್ಲ. ಶಾಕ್ ಕೊಟ್ಟದ್ದು ತಂತಿಗಳು ತಾನೇ? ತಂತಿಗಳಿದ್ದದ್ದು ನನ್ನ ಮೈಮೇಲೆ.

ಜಯಕರ ಮತ್ತೆ ನನ್ನನ್ನು ಬಾರಿಸಲಿಲ್ಲ. ಕೇಳಿದವರಿಗೆ ಕಿವಿನೋವು ಎಂದರು. ನನ್ನನ್ನು ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟರು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಇಳಿಸಿ ಧೂಳು ಒರೆಸುತ್ತಿದ್ದರು. ಆದರೆ ಮುಟ್ಟುವ ಮುಂಚೆ ಬೆರಳು ಮಡಚಿ, ಹಿಂಗೈಯಿಂದ ಒಮ್ಮೆ ತಾಗಿಸಿ ನೋಡುತ್ತಿದ್ದರು. ಕರೆಂಟಿದೆಯೋ ಇಲ್ಲವೋ ಎಂದು ಅನುಮಾನವಿದ್ದವರು ಮುಟ್ಟುವ ರೀತಿ ಅದು. ನಾನು ಯಾವ ಪ್ಲಗ್ಗಿಗೂ ಸೇರಿರಲಿಲ್ಲ. ಆದರೂ ಹಿಂಗೈ.

ಕತ್ತಲಲ್ಲಿ ಮಲಗಿ ನಾನೂ ಅನುಮಾನಪಟ್ಟೆ. ರಿಪೇರಿಯವನ ಮೇಲೆ, ಒದ್ದೆ ಹುಲ್ಲಿನ ಮೇಲೆ, ಮೈಕಿನ ಮೇಲೆ, ಕೊನೆಗೆ ನನ್ನ ಮೇಲೇ. ಪೆಟ್ಟಿಗೆಯ ಮೇಲೆ ಮಾತ್ರ ಪಡಲಿಲ್ಲ. ಅದು ಕೆಳಗೆ ಕಿಟಕಿಯ ಪಕ್ಕದಲ್ಲಿ, ತಲೆಯ ಮೇಲೆ ಮನಿಪ್ಲಾಂಟ್ ಹೊತ್ತು, ಸಾಧುವಾಗಿ ಕುಳಿತಿತ್ತು.

ಒಮ್ಮೆ ಹಳೆಯ ವಾದ್ಯಗಳನ್ನು ಸಂಗ್ರಹಿಸುವವರೊಬ್ಬರು ಬಂದು, ಟಾರ್ಚ್ ಹಿಡಿದು ನನ್ನ ಸಂದುಗೊಂದುಗಳನ್ನೆಲ್ಲ ನೋಡಿದರು. "ಇಂಥದ್ದು ಈಗ ಸಿಗೂದಿಲ್ಲ" ಎಂದು ಒಳ್ಳೆಯ ಬೆಲೆ ಹೇಳಿದರು. ಜಯಕರ ಕೊಡಲಿಲ್ಲ.

"ಇನ್ನೂ ಜಾಸ್ತಿ ಬರ್ಲಿ ಅಂತ ಕಾಯ್ತಿದ್ದಾರೆ" ಎಂದು ಊರಿನವರು ಆಡಿಕೊಂಡರು. ಮನೆಯಲ್ಲಿ ಅವರು ಹೆಂಡತಿ ಸರೋಜಿನಿಗೆ ಮೆಲ್ಲಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. "ಕೊಟ್ರೆ ಅವ್ರು ಬಾರಿಸ್ತಾರಲ್ಲ. ಎಂತಾದ್ರೂ ಆದ್ರೆ? ಬಿಸಾಡ್ಲಿಕ್ಕೂ ಮನಸ್ಸು ಬರೂದಿಲ್ಲ."

ಹೀಗಿರುವಾಗ ಅವರ ತಂಗಿ ವಾರಿಜಳ ಮಗಳು ಮನ್ವಿತಾ ಬೇಸ್ ಕಲಿತಳು, ಗೆಳತಿಯೊಬ್ಬಳ ಗಿಟಾರಿನಲ್ಲಿ. ನಾಲ್ಕು ಹುಡುಗಿಯರು ಸೇರಿ ಬ್ಯಾಂಡ್ ಕಟ್ಟಿದರು. ಮೊದಲ ಕಾರ್ಯಕ್ರಮ ಒಂದು ರಿಸೆಪ್ಶನ್, ಸಮುದ್ರದ ಬದಿಯ ಲಾನಿನಲ್ಲಿ. ಅವಳಿಗೆ ಸ್ವಂತ ಗಿಟಾರ್ ಬೇಕಿತ್ತು.

"ಮಾವ, ಕಪಾಟಿನ ಮೇಲೆ ಇರೂದನ್ನು ಕೊಡ್ತೀರಾ?"

"ಬೇಡ. ಹೊಸದು ತೆಗ್ದು ಕೊಡ್ತೇನೆ."

ವಾರಿಜಳಿಗೆ ಸಿಟ್ಟು ಬಂತು. "ಸುಮ್ನೆ ಬಿದ್ದಿರೂದನ್ನು ಸೊಸೆಗೆ ಕೊಡ್ಲಿಕ್ಕೆ ಆಗೂದಿಲ್ವಾ ಅಣ್ಣ? ಆ್ಯಂಟಿಕ್ ಅಂತ ಮಾರ್ಲಿಕ್ಕೆ ಇಟ್ಟದ್ದಾ? ಹೇಳಿಬಿಡು, ನಾವು ಕೇಳೂದಿಲ್ಲ."

ಜಯಕರ ತುಟಿಯ ಕಲೆಯನ್ನು ಸವರಿಕೊಂಡರು. ಆ ಕಲೆ ಹೇಗಾಯಿತೆಂದು ತಂಗಿಗೂ ಅವರು ಹೇಳಿರಲಿಲ್ಲ.

ಮರುದಿನ ಅಂಗಡಿಯಿಂದ ಹೊಸ ಬೇಸ್ ಬಂತು. ಒಪ್ಪಿಗೆಯಾದರೆ ಇಟ್ಟುಕೊಳ್ಳಿ, ಇಲ್ಲವಾದರೆ ವಾಪಸು ಕೊಡಿ ಎಂದಿದ್ದರಂತೆ. ತೆಳ್ಳಗೆ, ಹಗುರವಾಗಿ, ನವಿಲುಬಣ್ಣದಲ್ಲಿ ಹೊಳೆಯುತ್ತಿತ್ತು. ಹೊಟ್ಟೆಯಲ್ಲಿ ಬ್ಯಾಟರಿ ಬೇರೆ. ನನಗೆ ಅದು ಕಂಡ ಕೂಡಲೇ ಹಿಡಿಸಲಿಲ್ಲ. ಇಷ್ಟು ನುಣುಪಾಗಿರುವುದನ್ನು ನಂಬುವುದು ಹೇಗೆ?

ಮನ್ವಿತಾ ಹಟಮಾರಿ. ಸ್ಟೂಲ್ ಹತ್ತಿ ನನ್ನನ್ನೂ ಇಳಿಸಿ, ಸೀರೆ ಬಿಚ್ಚಿದಳು. "ಎರಡನ್ನೂ ಬಾರಿಸಿ ನೋಡ್ತೇನೆ ಮಾವ. ನೋಡ್ಲಿಕ್ಕೆ ಎಂತ ಖರ್ಚು?"

"ಹಳೇದಕ್ಕೆ ವೈರ್ ಹಾಕ್ಬೇಡ" ಎಂದರು ಜಯಕರ. ದನಿ ಗಡುಸಾಗಿತ್ತು.

"ಆಯ್ತು, ಹೊಸದಕ್ಕೇ ಹಾಕ್ತೇನೆ. ಆದ್ರೆ ಆ್ಯಂಪ್ ಮಾತ್ರ ಇದೇ. ಎಷ್ಟು ಗಟ್ಟಿ ಉಂಟು ನೋಡಿ! ಪ್ರೋಗ್ರಾಮಿಗೂ ಇದನ್ನೇ ತಗೊಂಡು ಹೋಗ್ತೇನೆ."

ಮನಿಪ್ಲಾಂಟನ್ನು ಕೆಳಗಿಟ್ಟು ಅವಳು ಪೆಟ್ಟಿಗೆಯ ಪ್ಲಗ್ ಚುಚ್ಚಿದಳು. ಜಯಕರ ಒಳಗೆ ಕಾಫಿ ಕುಡಿಯಲು ಹೋದರು. ಹೊಸದರ ಮೇಲೆ ಅವರಿಗೆ ಅನುಮಾನವಿರಲಿಲ್ಲ. ಸರೋಜಿನಿ ಆಗಷ್ಟೇ ನೆಲ ಒರೆಸಿ ಹೋಗಿದ್ದರು. ಹುಡುಗಿ ಬರಿಗಾಲು. ನಾನು ಕುರ್ಚಿಗೆ ಒರಗಿ ನೋಡುತ್ತಿದ್ದೆ. ಚೆನ್ನಾಗಿ ಬಾರಿಸಿದಳು. ಗಾಳಿ ಬರಲೆಂದು ಎಡಗೈ ತಂತಿಯ ಮೇಲಿಟ್ಟುಕೊಂಡೇ ಬಲಗೈಯನ್ನು ಕಿಟಕಿಯ ಕಬ್ಬಿಣದ ಸರಳುಗಳ ನಡುವೆ ತೂರಿಸಿ ಅದರ ಬಾಗಿಲು ದೂಡಲು ಹೋದಳು. ಕೈ ಸರಳಿಗೆ ತಾಗಿತು.

"ಅಯ್ಯಬ್ಬ!" ಎಂದು ಕೈ ಎಳೆದುಕೊಂಡಳು. ಆಮೇಲೆ ನಕ್ಕಳು. "ಮಾವ, ಇದು ಕಚ್ಚಿತು! ಜುಂ ಅಂತು!"

ಒಳಗೆ ಗಾಜಿನ ಲೋಟ ಬಿದ್ದ ಸದ್ದು. ಜಯಕರ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು.

"ಯಾವುದು? ಹಳೇದಾ?"

"ಅಲ್ಲ ಮಾವ, ಹೊಸದು. ಹಳೇದಕ್ಕೆ ನಾನು ವೈರ್ ಹಾಕ್ಲೇ ಇಲ್ಲ."

"ಹೊಸದಾ?"

ಅವರು ನನ್ನನ್ನು ನೋಡಿದರು. ಹೊಸದನ್ನು ನೋಡಿದರು. ಆಮೇಲೆ ಅವರ ಕಣ್ಣು ಎರಡಕ್ಕೂ ಸೇರಿದ ಒಂದೇ ಒಂದು ವಸ್ತುವಿನ ಮೇಲೆ ನಿಂತಿತು. ನನ್ನ ಕಣ್ಣೂ ಅಲ್ಲೇ ನಿಂತಿತು.

"ಬಿಡು! ಮುಟ್ಬೇಡ, ದೂರ ಹೋಗು!" ಎಂದು ಕೂಗಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತರು. ಸ್ಕ್ರೂಡ್ರೈವರ್ ತರಿಸಿ ಆ ಕಂದು ಪ್ಲಗ್ಗನ್ನು ಬಿಚ್ಚಿದರು. ಹೊರಗೆ ಪಿನ್ನು ಮೂರಿದ್ದವು. ಒಳಗೆ ತಂತಿ ಎರಡೇ. ಹಸಿರು ತಂತಿ ಕತ್ತರಿಸಿಕೊಂಡು, ಮಡಚಿಕೊಂಡು, ಮಾಸಿದ ಕೆಂಪು ಟೇಪಿನೊಳಗೆ ಅಚ್ಚುಕಟ್ಟಾಗಿ ಮಲಗಿತ್ತು.

"ಅದೆಂತ ಮಾವ?"

"ಅರ್ತ್ ವೈರ್. ಪೆಟ್ಟಿಗೆಯಲ್ಲಿ ಕರೆಂಟ್ ಸೋರಿದ್ರೆ ಅದನ್ನು ಮಣ್ಣಿಗೆ ಕಳಿಸೂದು ಇದು. ಇದು ಇಲ್ಲದಿದ್ರೆ..." ಅವರು ಕೆಂಪು ಟೇಪನ್ನು ಉಗುರಿನಿಂದ ಬಿಡಿಸಿದರು. "ಇಲ್ಲದಿದ್ರೆ ಅದು ಗಿಟಾರಿನ ತಂತಿಗೆ ಬರ್ತದೆ. ತಂತಿಯಿಂದ ಕೈಗೆ. ಯಾವ ಗಿಟಾರ್ ಆದ್ರೂ ಅಷ್ಟೇ."

ಒದ್ದೆ ಲಾನು, ಬರಿಗಾಲು, ಮೈಕು. ಅವರು ಕಂಡದ್ದನ್ನು ನಾನೂ ಕಂಡೆ. ಹೊಸ ಗಿಟಾರ್ ಕೈಗೆ ಕೊಟ್ಟು, ಸೊಸೆಯನ್ನು ಕಾಪಾಡಿದೆನೆಂದು ನಂಬಿ, ಅವರು ಆ ಪೆಟ್ಟಿಗೆಯನ್ನೂ ಜೊತೆಗೆ ಕಳಿಸುವವರಿದ್ದರು.

ಕುರ್ಚಿಯಲ್ಲಿ ಕುಳಿತು ಜಯಕರ ಎಲ್ಲವನ್ನೂ ಹೇಳಿದರು. ಮಗಳ ಕೂಗು ಕೇಳಿ ಪಕ್ಕದ ಮನೆಯಿಂದ ಬಂದ ವಾರಿಜ ಅಣ್ಣನ ತುಟಿಯನ್ನೇ ನೋಡುತ್ತ ನಿಂತಳು. "ಇಷ್ಟು ವರ್ಷ ಹೇಳ್ಲಿಲ್ಲ ನೀನು. ನಾನು ಎಂತೆಲ್ಲ ಅಂದೆ" ಎಂದಳು. ಆಮೇಲೆ ಅಣ್ಣನ ಒಡೆದ ಲೋಟದ ಚೂರುಗಳನ್ನು ಹೆಕ್ಕತೊಡಗಿದಳು.

ಪೆಟ್ಟಿಗೆ ರಿಪೇರಿಗೆ ಹೋಗಿ ಬಂತು, ಹಸಿರು ತಂತಿ ಸೇರಿಸಿಕೊಂಡು. ಆಗ ಮನ್ವಿತಾ ನಿಜವಾಗಿ ಆರಿಸಲು ಕುಳಿತಳು. ನನ್ನನ್ನೂ ಬಾರಿಸಿದಳು, ಅದನ್ನೂ ಬಾರಿಸಿದಳು. ಈಗ ನಾನು ನಿರಪರಾಧಿ. ನನ್ನನ್ನೇ ಒಯ್ಯುತ್ತಾಳೆ ಎಂದು ಆಸೆಪಟ್ಟೆ.

"ನಂಗೆ ಹೊಸದು ಸಾಕು ಮಾವ. ಹಳೇದು ಭಾರ, ಭುಜ ನೋಯ್ತದೆ."

ನನ್ನ ತಂತಿಗಳು ಸಡಿಲಾದಂತೆ ಅನಿಸಿತು. ಅವಳು ನನ್ನನ್ನೆತ್ತಿ, ಮಾವನ ತೊಡೆಯ ಮೇಲೆ ಇಟ್ಟಳು.

"ಮತ್ತೆ, ಇದನ್ನೂ ತಗೊಂಡು ಹೋದ್ರೆ ನೀವು ಎಂತದ್ದು ಬಾರಿಸೂದು? ಮನಿಪ್ಲಾಂಟಾ?"

ಜಯಕರ ನಗಲಿಲ್ಲ. ಬೆರಳು ಮಡಚಿ, ಹಿಂಗೈಯಿಂದ ನನ್ನನ್ನು ಮುಟ್ಟಿದರು. ಒಂದು ಗಳಿಗೆ ಹಾಗೇ ಇಟ್ಟುಕೊಂಡರು. ಆಮೇಲೆ ಕೈ ಮಗುಚಿದರು.

ಈಗ ನನಗೆ ವಯಸ್ಸಾಗಿದೆ. ಕಿಟಕಿಯ ಪಕ್ಕದ ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ, ಪಕ್ಕದಲ್ಲಿ ಪೆಟ್ಟಿಗೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಬೊನಿಫಾಸ್ ಅವರ ಮೇಲೂ ಇಲ್ಲ; ಒಬ್ಬ ಅಪ್ಪನ ಮಾತು ಕೇಳಿಸಲಿ ಎಂದು ತಾನೇ ಅವರು ಕತ್ತರಿ ತೆಗೆದದ್ದು? ಒಳ್ಳೆಯ ಮನಸ್ಸಿನಿಂದ ಮಾಡಿದ್ದನ್ನೂ ಒಮ್ಮೆ ಬಿಚ್ಚಿ ನೋಡಬೇಕು ಎಂಬುದು ನನಗೆ ತಡವಾಗಿ ತಿಳಿಯಿತು.

ಮಧ್ಯಾಹ್ನದ ಕಾಫಿಯಾದ ಮೇಲೆ ಜಯಕರ ಬರುತ್ತಾರೆ. ಇವತ್ತಿಗೂ ಮೊದಲು ಹಿಂಗೈ ತಾಗಿಸುತ್ತಾರೆ. ನನಗೆ ಬೇಸರವಿಲ್ಲ. ಅದರ ಹಿಂದೆಯೇ ಅಂಗೈ ಬರುತ್ತದೆ, ಬೆಚ್ಚಗೆ.