ರಟ್ಟಿನ ಕೆಳಗೆ

ಎಲ್ಲಿಂದ ಶುರು ಮಾಡಲಿ? ಬಿಸಿಲಿನಿಂದ ಎಂದರೆ ಈ ಅಂಗಳಕ್ಕೆ ಬಿಸಿಲೇ ಬರುವುದಿಲ್ಲ. ಮಣ್ಣಿನಿಂದ ಎಂದರೆ ನಮ್ಮ ನಾಯಕಿ ಮಣ್ಣು ಅಗೆಯುವವಳೇ ಅಲ್ಲ. (ಮೂರು ಡ್ರಾಫ್ಟ್ ಬುಟ್ಟಿಗೆ ಹೋದವು. ನಾಲ್ಕನೆಯದು ನಿಮ್ಮ ಹಣೆಬರಹ.)

೧. ಅವಳು ದರ್ಜಿ. ಅಕ್ಕನ ಜೊತೆ ವಾಸ. ಸೊಂಟ ಕೈಕೊಟ್ಟಿತು, ಮಿಷನ್ ತುಳಿಯಕೂಡದೆಂದರು ಡಾಕ್ಟರು. ತನ್ನದೆನ್ನಲು ಉಳಿದದ್ದು ಈ ಅಂಗಳವೊಂದೇ. ಗುದ್ದಲಿ ಹಿಡಿಯುವಂತಿಲ್ಲವಲ್ಲ, ಕಳೆಯ ಮೇಲೆಯೇ ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿ, ನೀರು ಹೊಯ್ದು, ಗೊಬ್ಬರ ಹರಡಿ ಪಾಲಕ್ ಬಿತ್ತಿದಳು. ರಟ್ಟು ಮೆತ್ತಗಾಗಿ ಬೇರು ಅದನ್ನು ದಾಟಿ ನೆಲಕ್ಕಿಳಿಯಬೇಕು.

"ಎರಡು ತಿಂಗಳು ಟೈಮು," ಅಂದಳು ಅಕ್ಕ. "ಬೇರು ಇಳಿದ್ರೆ ಸರಿ. ಇಲ್ಲಾಂದ್ರೆ ಮೇಸ್ತ್ರೀನ ಕರೆಸಿ ಸಿಮೆಂಟ್ ಹಾಕಿಸ್ತೀನಿ."

೩. (೨ನ್ನು ಹರಿದುಹಾಕಿದೆ. ಅದರಲ್ಲಿ ಅವಳ ಬಾಲ್ಯವಿತ್ತು. ಯಾರಿಗೆ ಬೇಕು?)

ಮೊಳಕೆ ಬಂತು, ಬಾಡಿತು. ಮತ್ತೆ ಬಿತ್ತಿದಳು, ಮತ್ತೆ ಬಾಡಿತು. ತಪ್ಪನ್ನು ನೆರಳಿನ ತಲೆಗೆ ಕಟ್ಟೋಣವೆಂದಿದ್ದೆ. ಆದರೆ ತಪ್ಪು ಅವಳ ಕೈಯದು. ಮೂವತ್ತು ವರ್ಷ ಬಟ್ಟೆ ಮಗುಚಿ ಒಳಹೊಲಿಗೆ ನೋಡಿದ ಕೈ ಸುಮ್ಮನಿದ್ದೀತೇ? ದಿನಾ ಬೆಳಿಗ್ಗೆ ರಟ್ಟಿನ ಮೂಲೆ ಎತ್ತಿ ನೋಡುತ್ತಿದ್ದಳು. ಎತ್ತಿದಾಗಲೆಲ್ಲ ಎಳೆಬೇರು ಹರಿಯುತ್ತಿತ್ತು.

"ನನ್ನ ಮರ್ಯಾದೆ ಯಾಕ್ರೀ ತೆಗೀತೀರಿ?" ಎಂದು ನನ್ನ ಮೇಲೆ ರೇಗಿದಳು. "ನೀವು ಬರೆದದ್ದನ್ನ ನೀವು ತಿರುವಿ ತಿರುವಿ ನೋಡಲ್ವಾ?"

ನೋಡುತ್ತೇನೆ. ನಾಚಿಕೆಯಾಯಿತು.

೪. ಮೂರನೆಯ ಬಿತ್ತನೆ. ಈ ಸಲ ಮುಟ್ಟಲಿಲ್ಲ. ಎಲೆಗಳು ಹೆಬ್ಬೆರಳಷ್ಟಾದವು. ಅಷ್ಟರಲ್ಲಿ ಗಡುವು ಮುಗಿದು, ಮೇಸ್ತ್ರಿ ಬಂದು ಸಿಮೆಂಟ್ ಚೀಲ ಇಳಿಸಿದ.

"ಎಲೆ ಇದ್ರೆ ಏನಾಯ್ತು, ಹಿಂದಿನ ಎರಡು ಸಲಾನೂ ಇತ್ತು," ಅಂದಳು ಅಕ್ಕ. "ಬೇರು ಇಳಿದಿದ್ಯಾ? ಎತ್ತಿ ತೋರ್ಸು."

ಅಂತ್ಯ ಒಂದು: ಎತ್ತುತ್ತಾಳೆ. ಬೇರು ಇಳಿದಿರುತ್ತದೆ, ಎತ್ತಿದ್ದಕ್ಕೇ ಹರಿಯುತ್ತದೆ.

ಅಂತ್ಯ ಎರಡು: ಎತ್ತುತ್ತಾಳೆ. ಬೇರೇ ಇಲ್ಲ.

ಎರಡನ್ನೂ ಅವಳಿಗೆ ಓದಿ ಹೇಳಿದೆ.

"ಎರಡರಲ್ಲೂ ನನ್ನ ಕೈಲೇ ಎತ್ತಿಸ್ತೀರಲ್ರೀ!"

ಭಯವಾಗಿತ್ತು ಅವಳಿಗೆ. ಸೊಂಟ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತಳು, ಎರಡೂ ಅಂಗೈಯನ್ನು ರಟ್ಟಿನ ಮೂಲೆಯ ಮೇಲೆ ಊರಿದಳು.

"ಇಳಿದಿದ್ಯೋ ಇಲ್ವೋ ನಂಗೂ ಗೊತ್ತಿಲ್ಲ ಅಕ್ಕಾ. ಆದ್ರೆ ಎತ್ತಲ್ಲ."

"ಕಲಸ್ಲಾ ಅಮ್ಮಾ?" ಎಂದು ಮೇಸ್ತ್ರಿ ಕೇಳುತ್ತಿದ್ದಾನೆ. ಅಕ್ಕ ತಂಗಿಯ ಕೈಗಳನ್ನೇ ನೋಡುತ್ತಿದ್ದಾಳೆ.

(ಏನಂದಳು ಎಂದು ನನ್ನನ್ನು ಕೇಳಬೇಡಿ. ನಾನು ಅಲ್ಲಿಂದ ಎದ್ದು ಬಂದೆ. ಇನ್ನೊಂದು ನಿಮಿಷ ಇದ್ದಿದ್ದರೆ ನಾನೇ ಎತ್ತಿ ನೋಡಿಬಿಡುತ್ತಿದ್ದೆ.)