ಬಾಗಿಲ ತಾತನ ಹಿಂದೆ ನಿಂತವರು

ನಮ್ಮದು ಊರಿನ ಎಲ್ಲ ಮುಸ್ಲಿಂ ಜಮಾತುಗಳ ಒಕ್ಕೂಟ. ಬೋರ್ಡಿನಲ್ಲಿ ಹಾಗೇ ಬರೆದಿದೆ. ಒಳಗೆ ಬಂದು ನೋಡಿದರೆ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು. ನಾನು ಅಲ್ಲಿಯ ಟೈಪಿಸ್ಟ್, ಬಾಯಿ ಜೋರು ಎಂದು ಹೆಸರಾದವಳು.

ಸಭೆಯ ನಡುವೆ ನಮಾಜಿನ ಹೊತ್ತಾದರೆ ದೊಡ್ಡ ಫಜೀತಿ. ಈ ಜಮಾತಿನ ಇಮಾಮರು ಮುಂದೆ ನಿಂತರೆ ಆ ಜಮಾತಿನವರು ಹಿಂದೆ ನಿಲ್ಲರು. ಕೊನೆಗೆ ಅಧ್ಯಕ್ಷರೇ ದಾರಿ ಕಂಡುಹಿಡಿದರು. ಗೇಟು ಕಾಯುವ ಬಾಗಿಲ ತಾತ ಯಾರ ಕಡೆಯವರೂ ಅಲ್ಲ, ಕುರ್‌ಆನ್ ಸೊಗಸಾಗಿ ಓದುತ್ತಾರೆ, ಅವರೇ ನಮಾಜು ಮಾಡಿಸಲಿ. ಅಂದಿನಿಂದ ತಾತ ಸ್ಟೂಲಿನಿಂದೆದ್ದು ಬಂದು ಮುಂದೆ ನಿಲ್ಲುತ್ತಿದ್ದರು, ದೊಡ್ಡ ದೊಡ್ಡ ಗಡ್ಡಗಳೆಲ್ಲ ಅವರ ಹಿಂದೆ. ಸಲಾಂ ಹೇಳಿ ಎದ್ದ ಮೇಲೆ ಮತ್ತೆ ಅದೇ ಜಗಳ. ಶುಕ್ರವಾರ ತಾತ ಯಾವ ಮಸೀದಿಗೆ ಹೋಗುತ್ತಾರೆ ಎಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ.

ಒಂದು ಬೆಳಗಿನ ಜಾವ ತಾತ ತೀರಿಕೊಂಡರು. ಅವರ ಹೆಂಡತಿ, ನಾವೆಲ್ಲ ಅಜ್ಜಿ ಎಂದು ಕರೆಯುವವರು, ಒಡಹುಟ್ಟಿದ ತಮ್ಮನನ್ನು ಕರೆದುಕೊಂಡು ಕಚೇರಿಗೆ ಬಂದರು. ಒಕ್ಕೂಟದ ಕಬರಸ್ತಾನದಲ್ಲಿ ಜಾಗ ಬೇಕಿತ್ತು. ಊರಿನಲ್ಲಿ ಇರುವುದು ಅದೊಂದೇ.

ತಮ್ಮನನ್ನು ಕಂಡದ್ದೇ ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಆತ ಟೈರ್ ಅಂಗಡಿಯ ಮಹಡಿಯಲ್ಲಿರುವ ಪುಟ್ಟ ಜಮಾತಿನ ಇಮಾಮ. ಆ ಜಮಾತನ್ನು ಒಕ್ಕೂಟಕ್ಕೆ ಸೇರಿಸಲು ಎಲ್ಲರೂ ಹೂಂ ಅನ್ನಬೇಕು. ಪ್ರತಿ ಸಲವೂ ಉಹೂಂ ಅಂದವರು ಈ ಅಧ್ಯಕ್ಷರೇ.

“ತಾತ ನಿಮ್ಮ ಜಮಾತಿನವರಾ?”

“ಮೊದಲಿಂದ್ಲೂ ನಮ್ಮವರೇ,” ಎಂದ ತಮ್ಮ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. “ನೋಡಮ್ಮ, ಸದಸ್ಯ ಜಮಾತಿನವರಿಗೆ ಮಾತ್ರ ಅಲ್ಲಿ ಜಾಗ. ಸಭೆ ಸೇರದೆ ನಾನೊಬ್ಬನೇ ಹೇಗೆ ಹೂಂ ಅನ್ಲಿ?”

“ಸಭೆ ಸೇರೋವರೆಗೂ ಅವರನ್ನ ಎಲ್ಲಿಡ್ಲಿ ಸಾಹೇಬ್ರೇ?” ಎಂದರು ಅಜ್ಜಿ.

ನನಗೆ ಮೈಯೆಲ್ಲ ಉರಿದುಹೋಯಿತು. ಕೆಲಸ ಹೋದರೆ ಹಾಳಾಗಿ ಹೋಗಲಿ ಎಂದು ಎದ್ದು ನಿಂತೆ. “ಅವರನ್ನ ಮಣ್ಣು ಮಾಡೋಕೆ ಜಾಗ ಇಲ್ಲ ಅಂದ್ರೆ, ಇಷ್ಟು ವರ್ಷ ಅವರ ಹಿಂದೆ ನಿಂತು ಮಾಡಿದ ನಮಾಜುಗಳನ್ನೆಲ್ಲ ಏನ್ಮಾಡ್ತೀರಾ? ಮನೇಲಿ ಕೂತು ಇನ್ನೊಂದ್ಸಲ ಮಾಡ್ತೀರಾ?”

“ಬಾಯ್ಮುಚ್ಚು,” ಎಂದರು ಅಧ್ಯಕ್ಷರು. ಕಣ್ಣು ಮಾತ್ರ ಗೇಟಿನ ಬಳಿಯ ಖಾಲಿ ಸ್ಟೂಲಿನ ಮೇಲಿತ್ತು. ಆಮೇಲೆ ಡ್ರಾಯರಿನಿಂದ ಕಬರಸ್ತಾನದ ಬೀಗದ ಕೈ ತೆಗೆದು ಅಜ್ಜಿಯ ಮುಂದಿಟ್ಟರು. “ಬೆಳಕಿರುವಾಗ್ಲೇ ಮುಗಿಸೋಣ. ಸಭೆಗೆ ನಾನು ಉತ್ತರ ಕೊಡ್ತೀನಿ.”

ನಾನೂ ಅಜ್ಜಿಯೂ ಕಬರಸ್ತಾನದ ಗೇಟಿನ ಹೊರಗೆ ನಿಂತೆವು. ಸುದ್ದಿ ಕೇಳಿ ಎಲ್ಲ ಜಮಾತುಗಳ ಹಿರಿಯರೂ ಬಂದಿದ್ದರು. ತಾತನನ್ನು ಮುಂದೆ ಮಲಗಿಸಿ ಸಾಲು ಕಟ್ಟಿದರು. ಸಾಲು ಸರಿಯಾಯಿತು, ಪಿಸುಮಾತು ನಿಂತಿತು, ನಮಾಜು ಮಾತ್ರ ಶುರುವಾಗಲಿಲ್ಲ. ಒಂದಿಬ್ಬರು ಹಿಂತಿರುಗಿ ಗೇಟಿನ ಕಡೆ ನೋಡಿದರು. ಅಯ್ಯೋ ದೇವರೇ, ಅವರೆಲ್ಲ ಅಭ್ಯಾಸಬಲದಿಂದ ತಾತ ಬರಲೆಂದು ಕಾಯುತ್ತಿದ್ದರು!

ಅಜ್ಜಿ ಸೆರಗನ್ನು ಬಾಯಿಗೊತ್ತಿ ಅತ್ತರು. ನನಗೂ ತಡೆಯಲಾಗಲಿಲ್ಲ.

ಅಧ್ಯಕ್ಷರು ಸಾಲಿನಿಂದ ಹೊರಬಂದರು. ಕೊನೆಯಲ್ಲಿ ನಿಂತಿದ್ದ ಅಜ್ಜಿಯ ತಮ್ಮನ ತೋಳು ಹಿಡಿದು ಮುಂದಕ್ಕೆ ಕರೆತಂದರು. “ನೀವೇ ಮಾಡಿಸಿ,” ಎಂದು ಹೇಳಿ, ಹಿಂದೆ ಹೋಗಿ ಆತ ಬಿಟ್ಟ ಜಾಗದಲ್ಲಿ ನಿಂತರು.