ಎರಡು ಗೆರೆಯ ಪೇಡೆ

ಮುಂಬಯಿಯ ಭಾಂಡುಪ್‌ನ ಸೋನಾಲಿ ಬಸಿರಿನ ಟೆಸ್ಟ್ ಮಾಡಿಕೊಂಡಾಗ ಎಂದಿನಂತೆ ಒಂದೇ ಗೆರೆ ಮೂಡಿತು. "ಕಿಟ್ಟೇ ಖೊಟ್ಟಿ ಅದ" ಎಂದು ಗಂಡ ಸೋಮನಾಥ ಇನ್ನೊಂದು ಕಿಟ್‌ನಲ್ಲಿ ತನ್ನ ಮೂತ್ರವನ್ನೇ ಪರೀಕ್ಷಿಸಿದ. ಎರಡು ಗೆರೆ, ಅಂದರೆ ಬಸಿರು! ನಕ್ಕು, ಅದನ್ನು ಬಾತ್‌ರೂಮಿನಲ್ಲೇ ಬಿಟ್ಟು ಆಫೀಸಿಗೆ ಹೋದ.

ಅತ್ತೆ ಗಂಗುಬಾಯಿ ಅದನ್ನು ಕಂಡದ್ದೇ ತಡ, ಸೊಸೆಯನ್ನು ಒಂದು ಮಾತೂ ಕೇಳದೆ ಬಿಲ್ಡಿಂಗಿಗೆಲ್ಲ ಪೇಡೆ ಹಂಚಿಬಿಟ್ಟಳು. ಬಂಜೆ ಎಂದು ಹಂಗಿಸಿದ ಬಾಯಲ್ಲೇ "ನನ್ನ ಬಂಗಾರ" ಎಂದಳು.

ಅತ್ತೆಯ ಒತ್ತಾಯಕ್ಕೆ ಆಸ್ಪತ್ರೆಗೆ ಹೋದ ಗಂಡ ಹೆಂಡತಿಯಿಂದ ಗೆರೆಯ ಕತೆ ಕೇಳಿ ಡಾಕ್ಟರ್ ನಗಲಿಲ್ಲ. ಸೋಮನಾಥನನ್ನೇ ತಪಾಸಣೆಗೆ ಕಳಿಸಿದರು. ಅವನ ವೃಷಣದಲ್ಲಿ ಗಡ್ಡೆಯಿತ್ತು. ಅದರ ಜೀವಕೋಶಗಳು ತಮ್ಮ ಗುಣ ಮರೆತು ಭ್ರೂಣದ ಕೋಶಗಳಂತಾಗಿ, ಬಸಿರಿನ ಹಾರ್ಮೋನನ್ನೇ ಸುರಿಸುತ್ತಿದ್ದವು.

ಸೋನಾಲಿ ಮನೆಗೆ ಬಂದಾಗ ಅತ್ತೆ ಆರತಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಏನಂದ್ರವಾ ಡಾಕ್ಟ್ರು?"

"ಆ ಎರಡು ಗೆರಿ ನಿಮ್ಮ ಮಗಂದರಿ, ಅತ್ತಿ. ಕ್ಯಾನ್ಸರ್ ಅಂತ," ಎಂದಳು ಸೋನಾಲಿ. "ಹೋಗ್ರಿ, ಇದನ್ನೂ ಬಿಲ್ಡಿಂಗಿಗೆಲ್ಲ ಹೇಳಿ ಬರ್ರಿ."